ಸಗಟು ಸಖಿ

ಗೆಳತಿಯರಿದ್ದಾರೆ, ಅದಕ್ಕೇ ಒಟ್ಟಿಗೆ ಪೇಟೆಗೆ ಹೋಗುತ್ತಾರೆ ಎಂದು ಲೋಕ ತಿಳಿದುಕೊಂಡಿದೆ. ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಚಿಕ್ಕಪೇಟೆ ಮೆಟ್ರೊ ನಿಲ್ದಾಣದ ಎಸ್ಕಲೇಟರಿನಿಂದ ಮೇಲೆದ್ದು ಬರುವ ನಾಲ್ವರು ಹೆಂಗಸರ ಗುಂಪೊಂದನ್ನು ಗಮನಿಸಿ ನೋಡಿದರೆ, ವಿಷಯ ತಿರುಗುಮುರುಗಾಗಿದೆ ಎಂಬ ಅನುಮಾನ ಬರುತ್ತದೆ. ಹೆಗಲಲ್ಲಿ ಖಾಲಿ ಬಟ್ಟೆಚೀಲ, ಕಂಕುಳಲ್ಲಿ ಹಾಳೆ ಸುಕ್ಕಾಗದಿರಲೆಂದು ತಂದ ರಟ್ಟಿನ ಕೊಳವೆ, ಫೋನಿನಲ್ಲಿ ಉದ್ದದ ಪಟ್ಟಿ. ಸೀರೆ ಅಂಗಡಿಯ ಹುಡುಗರು ‘ಬನ್ನಿ ಮೇಡಂ, ಒಳಗೆ ನೋಡಿ ಮೇಡಂ’ ಎಂದು ಎಷ್ಟು ಅಂಗಲಾಚಿದರೂ ಕತ್ತು ಹೊರಳಿಸದೆ ಸುಲ್ತಾನಪೇಟೆಯ ದಾರಿ ಹಿಡಿಯುತ್ತಾರೆ. ಅಲ್ಲಿಗೆ ಇವರು ಯಾವ ಪಂಥದವರೆಂಬುದು ಖಚಿತವಾಯಿತು. ಇವರು ಸ್ಕ್ರ್ಯಾಪ್‌ಬುಕ್ಕಿನವರು: ಬಣ್ಣದ ಹಾಳೆ, ಲೇಸು, ಅರೆಮುತ್ತು, ರಿಬ್ಬನ್ನುಗಳ ಉಪಾಸಕಿಯರು. ನಾಲ್ವರಲ್ಲಿ ಎರಡು ಹೆಜ್ಜೆ ಮುಂದೆ ನಡೆಯುವವಳಿದ್ದಾಳಲ್ಲ, ಅವಳೇ ನಮ್ಮ ನಾಯಕಿ. ಸಗಟು ಸಖಿ ಎಂದು ಕರೆಯೋಣ. ನನ್ನ ವಾದ ಇಷ್ಟೇ. ಸ್ನೇಹ ಇವರನ್ನು ಪೇಟೆಗೆ ತಂದದ್ದಲ್ಲ. ‘ಲೂಸ್ ಕೊಡಲ್ಲ ಮೇಡಂ, ಪ್ಯಾಕೆಟ್ಟೇ ತಗೋಬೇಕು’ ಎಂಬ ಪೇಟೆಯ ಮಾತೊಂದು ಇವರನ್ನು ಸ್ನೇಹಿತೆಯರನ್ನಾಗಿ ಮಾಡಿದೆ.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಗೊಂದು ಕಸುಬು. ಬಳೇಪೇಟೆಗೆ ಹೋದರೆ ವಾದ್ಯಗಳು, ಸುಲ್ತಾನಪೇಟೆಗೆ ಹೋದರೆ ಕಾಗದ ಮತ್ತು ಮದುವೆ ಕಾರ್ಡು, ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ನೋಟ್‌ಬುಕ್ಕು, ಮಾಮೂಲ್‌ಪೇಟೆಯಲ್ಲಿ ಫ್ಯಾನ್ಸಿ ಸಾಮಾನು. ಇವೆಲ್ಲ ಮುಖ್ಯವಾಗಿ ಅಂಗಡಿಯವರಿಗೆ ಮಾರುವ ಅಂಗಡಿಗಳು. ಹುಟ್ಟುಹಬ್ಬದ ಆಲ್ಬಮ್ಮಿಗೆ ಮೂರು ಹಾಳೆ ಬೇಕೆಂದು ಬರುವ ಗಿರಾಕಿಯನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಮಾಲಿನ ಕ್ರಾಫ್ಟ್ ಅಂಗಡಿಯಾದರೆ ನಗುನಗುತ್ತಾ ಒಂದೇ ಹಾಳೆಯನ್ನೂ ಕೊಡುತ್ತದೆ, ಆದರೆ ಹನ್ನೆರಡು ಇಂಚು ಚೌಕದ ಆ ಒಂದು ಹಾಳೆಯ ಬೆಲೆ ಕೇಳಿದರೆ ನಮಗೆ ನಗು ಬರುವುದಿಲ್ಲ. ಹೀಗೆ ಅಗ್ಗದ ದರಕ್ಕೂ ಅಗತ್ಯದ ಪ್ರಮಾಣಕ್ಕೂ ನಡುವೆ ಒಂದು ಕಂದರ. ಅದನ್ನು ದಾಟಲು ಸೇತುವೆ ಬೇಕು. ಆ ಸೇತುವೆಗೆ ತನ್ನ ಜೊತೆ ಇನ್ನೂ ಮೂವರು ಹೆಂಗಸರು ಬೇಕು.

ಮೂವರೇ ಏಕೆ? ಇಲ್ಲಿ ಗಣಿತ ಬರುತ್ತದೆ. ಪೇಟೆಯ ಮೂಲಮಾನ ಡಜನ್. ಡಜನ್ನಿಗೆ ಮೇಲೆ ಗ್ರೋಸು, ಅಂದರೆ ನೂರನಲವತ್ತನಾಲ್ಕು. ಹನ್ನೆರಡನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಆರರಿಂದ ನಿಶ್ಶೇಷವಾಗಿ ಭಾಗಿಸಬಹುದು, ಐದರಿಂದ ಆಗುವುದಿಲ್ಲ. ಇಬ್ಬರಾದರೆ ತಲೆಗೆ ಆರಾರು, ಅದು ಹೆಚ್ಚಾಯಿತು. ಆರು ಮಂದಿಯಾದರೆ ಎರಡೆರಡು, ಅದು ಸಾಲದು. ಮೇಲಾಗಿ ಆರು ಜನಕ್ಕೆ ಒಂದೇ ಆಟೊ ಸಿಗುವುದಿಲ್ಲ. ನಾಲ್ವರಾದರೆ ತಲೆಗೆ ಮೂರು, ಬೇಕಾದಷ್ಟೇ. ಹೀಗೆ ನಾಲ್ಕು ಎಂಬ ಸಂಖ್ಯೆ ತಾನಾಗಿ ನೆಲೆಯಾಗುತ್ತದೆ. ಆಫೀಸಿನ ಸಹೋದ್ಯೋಗಿ ‘ನಾನೂ ಬರ್ಲಾ?’ ಎಂದು ಕೇಳಿದಾಗ ಸಗಟು ಸಖಿಯ ಮುಖದಲ್ಲಿ ಕವಿಯುವ ಮೋಡವನ್ನು ಹೊಟ್ಟೆಕಿಚ್ಚು ಎಂದು ಓದಬಾರದು. ಅವಳು ಮನಸ್ಸಿನಲ್ಲೇ ಹನ್ನೆರಡನ್ನು ಐದರಿಂದ ಭಾಗಿಸುತ್ತಿದ್ದಾಳೆ. ಐದನೆಯವಳಿಗೆ ಸ್ನೇಹದ ಬಾಗಿಲು ಮುಚ್ಚಿಲ್ಲ, ಆದರೆ ಬರುವಾಗ ಆರನೆಯವಳನ್ನೂ ಕರೆದುಕೊಂಡು ಬರಬೇಕು. ಎ4 ಅಳತೆಯ ಮಿನುಗು ಹಾಳೆಗಳು ಹತ್ತರ ಪ್ಯಾಕೆಟ್ಟಿನಲ್ಲಿ ಬಂದಾಗಲಂತೂ ಧರ್ಮಸಂಕಟ. ತಲೆಗೆ ಎರಡೂವರೆ. ಉಳಿದ ಎರಡು ಹಾಳೆಯನ್ನು ಅಡ್ಡಡ್ಡ ಕತ್ತರಿಸಿ, ಮಿನುಗು ಉದುರುವ ಆ ಅರ್ಧ ಹಾಳೆಯನ್ನು ನಾಲ್ಕೂ ಮನೆಗಳಲ್ಲಿ ‘ಯಾವುದಕ್ಕಾದರೂ ಆಗುತ್ತೆ’ ಎಂದು ವರ್ಷಗಟ್ಟಲೆ ಜೋಪಾನ ಮಾಡಲಾಗುತ್ತದೆ. ಯಾವುದಕ್ಕೂ ಆಗುವುದಿಲ್ಲ. ಆದರೆ ಅದು ನಾಲ್ವರ ಬಳಿಯೂ ಇದೆ ಎಂಬುದೇ ಒಂದು ನೆಂಟಸ್ತಿಕೆ.

ಹಂಚಿಕೆಯನ್ನು ಹತ್ತಿರದಿಂದ ನೋಡಬೇಕು. ಇದು ನಡೆಯುವುದು ದರ್ಶಿನಿಯೊಂದರ ನಿಂತು ತಿನ್ನುವ ಸ್ಟೀಲ್ ಮೇಜಿನ ಮೇಲೆ. ಮೊದಲು ಮೇಜಿನ ಮೇಲಿನ ಸಾಂಬಾರಿನ ಹನಿಯನ್ನು ಒರೆಸಿ, ಅದರ ಮೇಲೆ ಟಿಶ್ಯೂ ಹಾಸಿ, ಅದರ ಮೇಲೆ ಪ್ಯಾಕೆಟ್ಟು ಬಿಚ್ಚಬೇಕು. ಅರೆಮುತ್ತುಗಳನ್ನು ಎಣಿಸಲು ಯಾರಿಗೂ ತಾಳ್ಮೆಯಿಲ್ಲ. ಕಾಫಿ ಚಮಚದಲ್ಲಿ ಅಳೆದು ನಾಲ್ಕು ಪೊಟ್ಟಣ ಕಟ್ಟುತ್ತಾರೆ. ರಿಬ್ಬನ್ನಿನ ಸರದಿ ಬಂದಾಗ ಮೊಳ ಹಾಕುವ ಪ್ರಶ್ನೆ ಏಳುತ್ತದೆ. ಯಾರ ಮೊಳ? ಎತ್ತರದವಳ ಮುಂಗೈಗೆ ರೀಲು ಬೇಗ ಮುಗಿಯುತ್ತದೆ, ಗಿಡ್ಡಿಯ ಮುಂಗೈಗೆ ಎರಡು ಮೊಳ ಹೆಚ್ಚು ಸಿಗುತ್ತದೆ. ಒಟ್ಟು ರಿಬ್ಬನ್ನು ಮಾತ್ರ ಅಷ್ಟೇ. ಆದರೂ ಗಿಡ್ಡಿಯ ಕೈಯಲ್ಲೇ ಅಳೆಸುತ್ತಾರೆ, ಏಕೆಂದರೆ ಸಂಖ್ಯೆ ಹೆಚ್ಚಾದಷ್ಟೂ ಮನಸ್ಸಿಗೆ ಹಿತ. ಕೊನೆಗೆ ಲೆಕ್ಕ. ಯುಪಿಐ ಬರುವ ಮೊದಲು ‘ಚಿಲ್ಲರೆ ಆಮೇಲೆ ಕೊಡೆ’ ಎಂದು ಮುಗಿಯುತ್ತಿದ್ದದ್ದು ಈಗ ಪೈಸೆಗೆ ಇಳಿದಿದೆ. ಮೂವತ್ತೇಳು ರೂಪಾಯಿ ಐವತ್ತು ಪೈಸೆ ಎಂದು ಫೋನು ಟಿಂಗ್ ಎನ್ನುತ್ತದೆ. ಐದು ನಿಮಿಷಕ್ಕೆ ಮುಂಚೆ ಉಳಿದ ಮೂವರ ದೋಸೆಗೂ ಕಾಫಿಗೂ ಒಬ್ಬಳೇ ಟೋಕನ್ ಕೊಂಡು ‘ಅಯ್ಯೋ ಬಿಡ್ರೇ’ ಎಂದಿರುತ್ತಾಳೆ. ಆ ದುಡ್ಡಿನ ಮಾತೇ ಇಲ್ಲ. ಲೇಸಿನ ಐವತ್ತು ಪೈಸೆಯನ್ನು ಮಾತ್ರ ಬಿಡುವಂತಿಲ್ಲ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ದೋಸೆ ಖರ್ಚು, ಲೇಸು ಉಳಿತಾಯ. ಖರ್ಚಿನಲ್ಲಿ ಧಾರಾಳ ಇರಬಹುದು, ಉಳಿತಾಯದಲ್ಲಿ ಇದ್ದರೆ ಅದು ಉಳಿತಾಯವೇ ಅಲ್ಲವಲ್ಲ!

ಸಗಟು ಸಖಿಯನ್ನು ಬರೀ ಚೌಕಾಸಿಯವಳು ಎಂದು ತಳ್ಳಿಹಾಕುವವರು ಅವಳ ವಿದ್ಯೆಯನ್ನು ಕಂಡಿಲ್ಲ. ಹಾಳೆಯ ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ದಪ್ಪ ಅಂದಾಜಿಸಿ, ‘ಇದು ಇನ್ನೂರೈವತ್ತು ಜಿಎಸ್ಎಂ ಅಲ್ಲ, ಇನ್ನೂರು ದಾಟಲ್ಲ’ ಎನ್ನುತ್ತಾಳೆ. ಅಂಗಡಿಯವನು ಮರುಮಾತಿಲ್ಲದೆ ಬೇರೆ ಕಟ್ಟು ಇಳಿಸುತ್ತಾನೆ. ಫೋಟೊ ಅಂಟಿಸುವ ಹಾಳೆ ಆಸಿಡ್ ಇಲ್ಲದ್ದಾಗಿರಬೇಕು, ಲಿಗ್ನಿನ್ ಇಲ್ಲದ್ದಾಗಿರಬೇಕು, ಇಲ್ಲದಿದ್ದರೆ ಹಳೆಯ ಪತ್ರಿಕೆಯಂತೆ ಹಳದಿಯಾಗಿ ಫೋಟೊವನ್ನೂ ಹಾಳುಮಾಡುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಆದರೆ ಪೇಟೆಯಲ್ಲಿ ‘ಆಸಿಡ್ ಫ್ರೀ ಇದೆಯಾ?’ ಎಂದರೆ, ‘ಆಸಿಡ್ಡು ಹಾರ್ಡ್‌ವೇರ್ ಅಂಗಡೀಲಿ ಕೇಳಿ ಮೇಡಂ, ಫ್ರೀ ಯಾರೂ ಕೊಡಲ್ಲ’ ಎಂಬ ಉತ್ತರ ಬರುತ್ತದೆ. ಆಗ ಅವಳು ಹತ್ತಿ ಬಟ್ಟೆಯ ಚಿಂದಿಯಿಂದ ಮಾಡಿದ ಕೈಕಾಗದದ ಕಡೆ ತಿರುಗುತ್ತಾಳೆ. ಹತ್ತಿಯ ನಾರಿನಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಡಿಮೆ. ಮಾಲಿನ ಹಾಳೆಯ ಮುಂದೆ ಅಗ್ಗ. ಇಷ್ಟು ತಿಳಿದವಳು ಮನೆಗೆ ಬಂದ ಮದುವೆ ಕರೆಯೋಲೆಗಳನ್ನೂ ರದ್ದಿಗೆ ಹಾಕಗೊಡುವುದಿಲ್ಲ. ಸುಲ್ತಾನಪೇಟೆಯಿಂದಲೇ ಹೊರಟು ನೆಂಟರ ಮನೆ ಸುತ್ತಿ ಬಂದ ಆ ದಪ್ಪ ಕಾರ್ಡಿನ ನಾಲ್ಕು ಮೂಲೆಗೆ ಹಚ್ಚಿದ ಅರಿಶಿನ ಕುಂಕುಮವನ್ನು ಕತ್ತರಿಸಿ ತೆಗೆದು, ನಡುವಿನ ಚಿನ್ನದ ಗಣಪತಿಯನ್ನು ಪ್ರತ್ಯೇಕವಾಗಿ ಬಿಡಿಸಿ ಇಡುತ್ತಾಳೆ. ಅವಳ ಶೂ ಡಬ್ಬಿಯೊಂದರಲ್ಲಿ ಇಂಥ ಗಣಪತಿಗಳು ಒಂದು ಸಣ್ಣ ಗ್ರೋಸಿನಷ್ಟಿದ್ದಾವು.

ಇಲ್ಲಿ ಗಂಡನ ಕಡೆಯ ಆಕ್ಷೇಪವೊಂದು ಏಳುತ್ತದೆ, ಅದು ಗಟ್ಟಿಯಾದದ್ದೇ. ಇಷ್ಟೆಲ್ಲ ಸಾಮಾನು ಬಂತು, ಪುಸ್ತಕ ಎಲ್ಲಿ? ಮಗಳ ಮೊದಲ ವರ್ಷದ ಆಲ್ಬಮ್ಮು ಅವಳು ಹೈಸ್ಕೂಲಿಗೆ ಹೋದರೂ ನಾಲ್ಕನೇ ಪುಟ ದಾಟಿಲ್ಲ. ಅಂಟಿಸಬೇಕಾದ ಫೋಟೊಗಳು ಫೋನಿನಿಂದ ಇನ್ನೂ ಇಳಿದಿಲ್ಲ. ಕ್ರಾಫ್ಟಿನವರೇ ತಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಚಟಾಕಿ ಹಾರಿಸಿಕೊಳ್ಳುತ್ತಾರೆ: ಆಯುಸ್ಸು ಮುಗಿದರೂ ಮುಗಿಯದಷ್ಟು ದಾಸ್ತಾನು ಎಂದು. ಒಪ್ಪಿದೆ. ಆದರೆ ಸ್ಕ್ರ್ಯಾಪ್‌ಬುಕ್ ಎಂಬ ವಸ್ತುವನ್ನು ಮುಗಿಸುವ ಅವಸರ ಚರಿತ್ರೆಯಲ್ಲಿ ಬೇರೆಯವರಿಗಿತ್ತು. ಅಮೆರಿಕದ ಹಾಸ್ಯಸಾಹಿತಿ ಮಾರ್ಕ್ ಟ್ವೇನ್ 1873ರಲ್ಲಿ, ಪುಟಕ್ಕೆ ಮೊದಲೇ ಅಂಟು ಬಳಿದಿಟ್ಟ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದ. ನೀರು ಸವರು, ಅಂಟಿಸು, ಮುಗಿಯಿತು. ಪುಸ್ತಕ ಚೆನ್ನಾಗಿ ಮಾರಾಟವೂ ಆಯಿತು. ಒಬ್ಬಂಟಿಯಾಗಿ ಕೂತು ಬೇಗ ಕೆಲಸ ತೀರಿಸಿಕೊಳ್ಳುವವನ ಉಪಾಯ ಅದು. ಅಂಟಿಗಾಗಿ ಪೇಟೆಗೆ ಹೋಗುವ ನೆಪವನ್ನೇ ಅಳಿಸಿಹಾಕಿದ. ಸಗಟು ಸಖಿ ಅವನನ್ನು ಕ್ಷಮಿಸುವುದಿಲ್ಲ.

ಅದಕ್ಕೆದುರಾಗಿ ಜಪಾನಿನ ಸಾಕ್ಷ್ಯವಿದೆ. ಇಂದು ಬೆಂಗಳೂರಿನ ಸಖಿಯರೂ ಸುರುಳಿಗಟ್ಟಲೆ ಕೂಡಿಡುವ ಬಣ್ಣಬಣ್ಣದ ವಾಶಿ ಟೇಪಿನ ಹುಟ್ಟು ಕುರಾಶಿಕಿ ಊರಿನ ಕಮೋಯಿ ಕಾಕೋಶಿ ಎಂಬ ಕಾರ್ಖಾನೆಯಲ್ಲಿ. 1923ರಲ್ಲಿ ನೊಣ ಹಿಡಿಯುವ ಅಂಟುಕಾಗದ ಮಾಡಲು ಶುರುವಾದ ಕಂಪನಿ ಅದು. ಆಮೇಲೆ ಬಣ್ಣ ಬಳಿಯುವವರಿಗೆ ಬೇಕಾದ ಮಾಸ್ಕಿಂಗ್ ಟೇಪಿಗೆ ಬಂತು. 2006ರಲ್ಲಿ ಟೋಕಿಯೊದ ಮೂವರು ಹೆಂಗಸರು, ಮಾಸ್ಕಿಂಗ್ ಟೇಪಿನ ಬಗ್ಗೆ ತಾವೇ ಮಾಡಿದ ಪುಟ್ಟ ಪುಸ್ತಕವನ್ನು ಕಳಿಸಿ, ಕಾರ್ಖಾನೆ ನೋಡಬೇಕು ಎಂದು ಕೇಳಿಕೊಂಡರು. ಪೇಂಟರುಗಳ ಟೇಪಿನಲ್ಲಿ ಇವರಿಗೇನು ಕೆಲಸ ಎಂದು ಕಂಪನಿಯವರಿಗೆ ಅಚ್ಚರಿಯಾದರೂ ಒಳಗೆ ಬಿಟ್ಟರು. 2008ರಲ್ಲಿ ಕರಕುಶಲದವರಿಗಾಗಿಯೇ ಬಣ್ಣದ ಟೇಪು ಮಾರುಕಟ್ಟೆಗೆ ಬಂತು. ಗಮನಿಸಿ, ಒಬ್ಬಳಲ್ಲ, ಮೂವರು. ಒಬ್ಬಳೇ ಹೋಗಿ ‘ನಿಮ್ಮ ಟೇಪು ನನಗೆ ಬಹಳ ಇಷ್ಟ’ ಎಂದಿದ್ದರೆ ಕಾವಲುಗಾರ ಗೇಟಿನಲ್ಲೇ ನೀರು ಕುಡಿಸಿ ಕಳಿಸುತ್ತಿದ್ದನೇನೋ. ಮೂವರು ಒಂದೇ ಮಾತು ಆಡಿದರೆ ಅದು ಮಾರುಕಟ್ಟೆ. (ಹನ್ನೆರಡನ್ನು ಮೂರರಿಂದಲೂ ಭಾಗಿಸಬಹುದು ಎಂಬುದನ್ನು ಬೇಕಾದವರು ನೆನಪಿಸಿಕೊಳ್ಳಲಿ.) ಪುಟ ತುಂಬಿಸದವರು ಏನನ್ನೂ ಹುಟ್ಟಿಸುವುದಿಲ್ಲ ಎನ್ನುವವರು ಈ ಟೇಪಿನ ಒಂದು ತುಂಡನ್ನು ಬಾಯಿಗೆ ಅಂಟಿಸಿಕೊಳ್ಳಬಹುದು.

ಮೆಟ್ರೊ, ಆಟೊ, ದೋಸೆ, ಮಧ್ಯಾಹ್ನದ ಐಸ್‌ಕ್ರೀಮು ಎಲ್ಲ ಕೂಡಿಸಿದರೆ ಅಗ್ಗ ಎಲ್ಲಿ ಬಂತು ಎಂಬ ಇನ್ನೊಂದು ಆಕ್ಷೇಪವುಂಟು. ಇದು ಲೆಕ್ಕ ಬಲ್ಲವರ ಮಾತಲ್ಲ. ಬೆಟ್ಟಕ್ಕೆ ಹೋದವರ ಬಸ್ ಚಾರ್ಜನ್ನು ಯಾರೂ ದೇವರ ಹುಂಡಿಯಿಂದ ಕಳೆಯುವುದಿಲ್ಲ. ಇದು ಹೆಂಗಸರ ಚಾಳಿ ಎಂಬ ಮೂರನೆಯ ಆಕ್ಷೇಪಕ್ಕೆ, ಫೌಂಟನ್ ಪೆನ್ನಿನ ಹುಚ್ಚು ಹಿಡಿದ ಗಂಡಸರು ದುಬಾರಿ ಇಂಕಿನ ಬಾಟಲಿಯೊಂದನ್ನು ಕೊಂಡು ಸಿರಿಂಜಿನಲ್ಲಿ ಎಳೆದೆಳೆದು ಪುಟ್ಟ ಶೀಶೆಗಳಿಗೆ ಹಂಚಿಕೊಳ್ಳುವುದನ್ನು ನೋಡಿದವರು ಉತ್ತರಿಸಲಿ.

ನಿಜಕ್ಕೂ ಯೋಚಿಸಬೇಕಾದದ್ದು ಆನ್‌ಲೈನಿನ ಪ್ರಶ್ನೆ. ಅದೇ ಹಾಳೆ, ಅದೇ ಮುತ್ತು, ಹಲವು ಸಲ ಪೇಟೆಗಿಂತ ಕಡಿಮೆಗೆ, ಬಾಗಿಲಿಗೇ ಬರುತ್ತದೆ. ಅಗ್ಗವೇ ಗುರಿಯಾಗಿದ್ದರೆ ನಾಲ್ವರ ಗುಂಪು ಯಾವತ್ತೋ ಒಡೆದು ನಾಲ್ಕು ಸೋಫಾಗಳಲ್ಲಿ ಕೂತಿರಬೇಕಿತ್ತು. ಒಡೆದಿಲ್ಲ. ಬೆರಳಿಗೆ ಸಿಗದ ಜಿಎಸ್ಎಂ ಮೇಲೆ ನಂಬಿಕೆಯಿಲ್ಲ, ಪರದೆಯ ಮೇಲಿನ ಪಾಚಿಬಣ್ಣ ಮನೆಗೆ ಬರುವಷ್ಟರಲ್ಲಿ ಗಿಳಿಹಸಿರಾಗಿರುತ್ತದೆ ಎಂದೆಲ್ಲ ಸಗಟು ಸಖಿ ಕಾರಣ ಕೊಡುತ್ತಾಳೆ. ಅವೆಲ್ಲ ಸರಿಯಾದ ಕಾರಣಗಳೇ, ಆದರೆ ನಿಜವಾದ ಕಾರಣ ತಿಳಿಯಬೇಕಾದರೆ ಅಂಗಡಿಯವನು ತನ್ನ ಕಡೆಯಿಂದ ಉದಾರಿಯಾದ ಗಳಿಗೆಯಲ್ಲಿ ಅವಳ ಮುಖ ನೋಡಬೇಕು. ವಾರವಾರ ಬರುವ ಇಂಥ ಗುಂಪುಗಳನ್ನು ಕಂಡು ಕಂಡು ಕೆಲವು ಜಾಣ ವ್ಯಾಪಾರಿಗಳು ಈಗ ಬಣ್ಣಕ್ಕೆರಡು ಹಾಳೆ, ಚಿಟಿಕೆ ಮುತ್ತು, ಮೊಳದಷ್ಟು ಲೇಸು ಎಲ್ಲ ಬೆರೆಸಿ ಸಣ್ಣ ಪ್ಯಾಕೆಟ್ಟು ಕಟ್ಟಿಟ್ಟಿರುತ್ತಾರೆ. ದರ ಸಗಟಿಗಿಂತ ಎರಡೇ ರೂಪಾಯಿ ಹೆಚ್ಚು. ‘ನಿಮಗೆ ಹಂಚೋ ತಾಪತ್ರಯ ಇಲ್ಲ ಮೇಡಂ, ತಲೆಗೊಂದೊಂದು ತಗೊಳ್ಳಿ’ ಎಂದು ಆತ ಪ್ರೀತಿಯಿಂದಲೇ ಮುಂದೆ ಚಾಚುತ್ತಾನೆ. ಅವಳು ಆ ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ ನೋಡಿ, ಕೌಂಟರಿನ ಮೇಲೆ ವಾಪಸಿಟ್ಟು, ‘ಬೇಡಪ್ಪ, ಡಜನ್ನೇ ಕೊಡು’ ಎನ್ನುತ್ತಾಳೆ.