ಗುಮ್ಮಟದ ಮಗ್ಗುಲಿಗೊಂದು ಮಾಲ್

ಕಟ್ಟಡ ಬೀಳದೆ ಅನುದಾನ ಬರುವುದಿಲ್ಲ. ಇಷ್ಟು ಗೊತ್ತಿಲ್ಲದ್ದಕ್ಕೇ ನಮ್ಮ ಗೋಕಾಕ, ಹುಕ್ಕೇರಿ, ಮೂಡಲಗಿ ಇನ್ನೂ ಹಿಂದೆ ಬಿದ್ದಿವೆ.

ಮೈಸೂರನ್ನು ನೋಡಿ ಕಲಿಯಬೇಕು. ವೈಸ್‌ರಾಯ್ ಬಂದುಹೋದ ನೆನಪಿಗೆ 1892ರಲ್ಲಿ ಕಟ್ಟಿಸಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅಲ್ಲಿಯತನಕ ಯಾರಿಗೂ ಬೇಡವಾಗಿದ್ದ ಕಟ್ಟಡದ ಮೇಲೆ ಅವತ್ತಿನಿಂದ ಎಲ್ಲರಿಗೂ ಪ್ರೀತಿ ಉಕ್ಕಿತು. ದೇವರಾಜ ಮಾರುಕಟ್ಟೆಯ ಕಥೆ ಇನ್ನೂ ಸೊಗಸು. 2016ರಲ್ಲಿ ದುರಸ್ತಿ ನಡೆದಿರುವಾಗಲೇ ಅದರ ಒಂದು ಪಾರ್ಶ್ವ ಉರುಳಿತು. ಆಮೇಲೆ ಸಮಿತಿಗಳು ಬಂದವು. ತಜ್ಞರಲ್ಲಿ ಕೆಲವರು ಕೆಡವಿ ಎಂದರು, ಪಾರಂಪರಿಕ ಕಟ್ಟಡಗಳ ಪರ ನಿಲ್ಲುವ ಇಂಟ್ಯಾಕ್ ಸಂಸ್ಥೆಯವರು ಉಳಿಸಬಹುದು ಎಂದರು, ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಹೂವು, ಬಾಳೆಹಣ್ಣು, ಕುಂಕುಮ ಮಾರುವವರು ಮಾತ್ರ ತಮ್ಮ ತಲೆಯ ಮೇಲಿರುವುದು ಪಾರಂಪರಿಕ ಕಟ್ಟಡವೋ ಅಪಾಯಕಾರಿ ಕಟ್ಟಡವೋ ತಿಳಿಯದೆ ವ್ಯಾಪಾರ ನಡೆಸಿಕೊಂಡೇ ಬಂದರು. ಕಡೆಗೆ ಸರ್ಕಾರಕ್ಕೆ ಒಪ್ಪಿಗೆಯಾದ ಪರಿಹಾರ ಏನು? ಹಳೆಯದನ್ನು ಕೆಡವಿ, ಥೇಟು ಹಳೆಯದರಂತೆ ಕಾಣುವ ಹೊಸದನ್ನು ಕಟ್ಟುವುದು.

ಈ ಕಲೆ ಗೋಕಾಕದವರಿಗೆ ಹೊಸದಲ್ಲ. ನಮ್ಮೂರ ಆಟಿಗೆ ಮಾಡುವವರು ಕಟ್ಟಿಗೆ, ಮಣ್ಣಿನಲ್ಲಿ ಹಣ್ಣು ಮಾಡಿ ಬಣ್ಣ ಬಳಿದಿಟ್ಟರೆ ನೊಣ ಕೂಡ ಮೋಸಹೋಗಬೇಕು. ಪಾಪ, ಅವರಿಗೆ ಅರ್ಧ ವಿದ್ಯೆ ಮಾತ್ರ ಗೊತ್ತು. ಕಟ್ಟಿಗೆಯ ಮಾವಿನಹಣ್ಣಿಗೆ ಬೆಲೆ ಬರಬೇಕಾದರೆ ಮೊದಲು ಊರ ಮಾವಿನ ತೋಪು ಕಡಿಸಬೇಕು ಎಂಬುದು ಇಷ್ಟು ತಲೆಮಾರಿನಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಇವತ್ತು ದೊಡ್ಡ ಕನ್ಸಲ್ಟೆಂಟರಾಗಿರುತ್ತಿದ್ದರು.

ನನ್ನ ಸಿಟ್ಟೆಲ್ಲ ಹುಕ್ಕೇರಿಯ ಗುಮ್ಮಟಗಳ ಮೇಲೆ. ಆದಿಲ್‌ಶಾಹಿ ಹೋಯಿತು, ಪೇಶ್ವೆಗಳು ಹೋದರು, ಕುಂಪಣಿ ಹೋಯಿತು, ಮುಂಬೈ ಪ್ರಾಂತ್ಯವೂ ಹೋಯಿತು. ಇವು ಮಾತ್ರ ಜಪ್ಪಯ್ಯ ಅಂದರೂ ಬೀಳುತ್ತಿಲ್ಲ. ಇಂಥ ಹಟಮಾರಿ ಕಟ್ಟಡಗಳನ್ನು ಇಟ್ಟುಕೊಂಡು ಊರು ಉದ್ಧಾರವಾಗುವುದು ಹೇಗೆ? ಆದ್ದರಿಂದ ಮಗ್ಗುಲಿಗೊಂದು ಮಾಲ್ ಆಗಲಿ ಎಂದು ಈ ಮೂಲಕ ಆಗ್ರಹಿಸುತ್ತೇನೆ. ಗುಮ್ಮಟಗಳಿಗೆ ಮೊದಲು ಸಿಮೆಂಟು ಮೆತ್ತಿ, ಸುಣ್ಣ ಬಳಿದು 'ಪುನರುಜ್ಜೀವನ' ಮುಗಿಸೋಣ. ಮಾಲ್‌ನ ಹೆಬ್ಬಾಗಿಲ ಮೇಲೆ, ಪರಂಪರೆಗೆ ಗೌರವವೆಂದು, ಫೈಬರಿನದೊಂದು ಗುಮ್ಮಟ ಕೂರಿಸೋಣ; ರಾತ್ರಿ ಅದಕ್ಕೆ ನೇರಳೆ ಬಣ್ಣದ ದೀಪ. ಅಸಲಿ ಗುಮ್ಮಟ ನೋಡಬೇಕೆನ್ನುವವರು ಮೂರನೇ ಮಹಡಿಯ ಫುಡ್ ಕೋರ್ಟಿಗೆ ಹತ್ತಿ, ಒಂದು ಪ್ಲೇಟು ಗೋಬಿ ಮಂಚೂರಿ ತಗೊಂಡು, ಕಿಟಕಿಯಲ್ಲಿ ನೋಡಲಿ.

ಕಾನೂನು ಅಡ್ಡ ಬಂದೀತೆಂದು ಅಂಜಬೇಡಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಟೇಪಿನ ಇನ್ನೊಂದು ತುದಿ ಯಾರ ಕೈಯಲ್ಲಿರಬೇಕು ಎಂದು ಹೇಳುವುದಿಲ್ಲ.

ಗೋಕಾಕದ್ದು ಬೇರೆಯೇ ಸಂಕಟ. ಜಲಪಾತದ ದಂಡೆಯಲ್ಲಿ, ನೀರಿನ ಬಲದಿಂದ 1887ರಲ್ಲಿ ತಿರುಗತೊಡಗಿದ ನೂಲಿನ ಗಿರಣಿ ಅಲ್ಲಿಯದು. ಮುಂಬೈಯಲ್ಲಿದ್ದಿದ್ದರೆ ಇಷ್ಟೊತ್ತಿಗೆ ಮಾಲ್ ಆಗಿರುತ್ತಿತ್ತು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಹಾಗೇ ಉದ್ಧಾರವಾಯಿತಲ್ಲ! ನೂಲು ಹೋಯಿತು, ಪಾಳಿಯ ಭೋಂಗಾ ಹೋಯಿತು, ಕಾರ್ಮಿಕರು ಹೋದರು, ಚಿಮಣಿ ಉಳಿಯಿತು. ಚಿಮಣಿಗೆ ಪಗಾರ ಕೊಡಬೇಕಾಗಿಲ್ಲ, ದೀಪಾವಳಿಗೆ ಬೋನಸ್ ಕೇಳುವುದಿಲ್ಲ, ಮುಷ್ಕರಕ್ಕೆ ಕೂರುವುದಿಲ್ಲ. ಪರಂಪರೆ ಎಂದು ಉಳಿಸಿಕೊಳ್ಳಲು ಅದಕ್ಕಿಂತ ಯೋಗ್ಯವಾದದ್ದು ಗಿರಣಿಯಲ್ಲಿ ಮತ್ತೇನಿರುತ್ತದೆ?

ಗೋಕಾಕ ಪೇಟೆಯ ನಡುವೆಯೇ ಮಾಲ್ ಆಗಲಿ ಎನ್ನುವುದಾದರೆ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಬೇಕೇ ಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ಕೂಡಿ ಊರೊಳಗೆ ಬಂದು, ಶಟರ್ ಎತ್ತುವ ತೊಂದರೆಯನ್ನೂ ಕೊಡದೆ ಅಂಗಡಿಗಳನ್ನು ಹೊಕ್ಕು ಹೋದವು. ನಮ್ಮ ಹಿರಿಯರು ಇದಕ್ಕೇ ಕಟ್ಟೆ ಎತ್ತರಿಸುತ್ತಿದ್ದರು. ನಾವು ಕೆಳಗೆ ಅಗೆಯೋಣ. ಮಳೆಗಾಲದಲ್ಲಿ ಪಾರ್ಕಿಂಗನ್ನೇ ದೋಣಿ ವಿಹಾರಕ್ಕೆ ಗುತ್ತಿಗೆ ಕೊಟ್ಟರೆ ಪ್ರವಾಸೋದ್ಯಮ ಇಲಾಖೆಯ ಹಣವೂ ಬಂದೀತು.

ಮೂಡಲಗಿಯವರು ಹೋರಾಡಿ ತಾಲ್ಲೂಕು ಪಡೆದ ಮಂದಿ, ಅವರಿಗೆ ಮಾಲ್ ಏನು ಮಹಾ! ತೊಡಕು ಅಂದರೆ ಅವರ ದನದ ಪೇಟೆ. ಬೆಳಿಗ್ಗೆ ನೆರೆಯುತ್ತದೆ, ಟವಲಿನ ಕೆಳಗೆ ಬೆರಳು ಹಿಡಿದು ದರ ಮುಗಿಯುತ್ತದೆ, ಬಿಸಿಲು ಇಳಿಯುವುದರೊಳಗೆ ಬಯಲು ಬಯಲೇ. ಶಂಕುಸ್ಥಾಪನೆ ಮಾಡಲು ಕಲ್ಲಿಲ್ಲ, ಕತ್ತರಿಸಲು ರಿಬ್ಬನ್ನಿಲ್ಲ, ಮುರ್ರಾ ಎಮ್ಮೆ ಎಸ್ಕಲೇಟರ್ ಹತ್ತುವುದಿಲ್ಲ. ಇದನ್ನು ಅಭಿವೃದ್ಧಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ಈ ಸೀಮೆಯಲ್ಲಿ ನಿಶ್ಚಿಂತೆಯಿಂದ ಇರುವವನು ಹುನ್ನೂರಿನ ವಿಠ್ಠಲ ಒಬ್ಬನೇ. ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ಮುಳುಗಿಕೊಂಡಿದ್ದು, ನೀರು ತೀರ ಇಳಿದಾಗಷ್ಟೇ ಗುಡಿಯ ದರ್ಶನ ಕೊಡುತ್ತಾನೆ. ಅವನ ಕಂಬಗಳಿಗೆ ಆಯಿಲ್ ಪೇಂಟ್ ಬಳಿಯಲು, ಗರ್ಭಗುಡಿಗೆ ಬಚ್ಚಲಮನೆ ಟೈಲ್ಸ್ ಹಾಕಿಸಲು ಯಾವ ಜೀರ್ಣೋದ್ಧಾರ ಸಮಿತಿಗೂ ಪುರಸೊತ್ತು ಸಿಗುವುದಿಲ್ಲ.

ಈ ಯೋಜನೆಯನ್ನೆಲ್ಲ ಪೇಟೆಯ ಒಬ್ಬ ಕರದಂಟಿನ ವ್ಯಾಪಾರಿಯ ಮುಂದೆ ಬಿಚ್ಚಿಟ್ಟೆ. ತಕ್ಕಡಿಯಿಂದ ಕಣ್ಣೆತ್ತದೆ ಕೇಳಿಸಿಕೊಂಡರು.

"ಚಲೋ ಆತ್ರಿ. ಹಳೇ ಅಂಗಡಿಕಾರರಿಗೆ ಅದರಾಗ ಜಾಗಾ ಐತೇನು?"

"ಐತಿ ಕಾಕಾ. ಹರಾಜಿನ್ಯಾಗ ಕೂಗಿ ತಗೋಬೇಕು."

"ಅಲ್ಲೀತನಾ?"

"ಅಲ್ಲೀತನಾ ಊರ ಹೊರಗ ತಗಡಿನ ಶೆಡ್. ಎರಡ ವರ್ಷದ ಮಾತು, ಅಷ್ಟ."

ಪೊಟ್ಟಣಕ್ಕೆ ದಾರ ಸುತ್ತಿ ಕೊಡುತ್ತ ಕಾಕಾ ಕೇಳಿದರು: "ಯಾವ ಎರಡ ವರ್ಷ ಅಂತ ಟೆಂಡರ್‌ನ್ಯಾಗ ಬರದಾರೇನ್ರಿ?"