ಪೋಸ್ಟತ್ತೆಯ ರೀಡೈರೆಕ್ಷನ್

ಬಚ್ಚಲುಮನೆಯಲ್ಲಿ ಜಾರಿ ಬಿದ್ದ ಪೋಸ್ಟತ್ತೆಗೆ ಏಟೇನೂ ಆಗಲಿಲ್ಲ. ಏಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕೂತಲ್ಲೇ ಯೋಚನೆ ಮಾಡಿ, ಹೇಗೋ ಎದ್ದು, ಸೀರೆ ಬದಲಾಯಿಸಿ, ಕಾಫಿ ಸೋಸಿಕೊಂಡು, ಬೆಂಗಳೂರಿನಲ್ಲಿದ್ದ ಅಣ್ಣನ ಮಗನಿಗೆ ಫೋನ್ ಮಾಡಿದರು. "ನನ್ನನ್ನ ಒಂದು ಒಳ್ಳೇ ವೃದ್ಧಾಶ್ರಮಕ್ಕೆ ಸೇರಿಸೋ. ಈ ತಿಂಗಳೊಳಗೇ ಆಗಬೇಕು."

ಆ ಪದವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿರುವ ಮಗ 'ಅಸಿಸ್ಟೆಡ್ ಲಿವಿಂಗ್' ಎನ್ನುತ್ತಿದ್ದ. ಸೊಸೆಗೆ ಅದು 'ಸೀನಿಯರ್ ಕಮ್ಯುನಿಟಿ'. ಸರಸ್ವತಿಪುರಂನ ಪಕ್ಕದ ಮನೆಯವರು ದನಿ ತಗ್ಗಿಸಿ 'ಅಲ್ಲಿಗೆ' ಎನ್ನುತ್ತಿದ್ದರು. ಅತ್ತೆಗೆ ಈ ಮಡಿವಂತಿಕೆಯಿಲ್ಲ. ಹೆಸರು ಚೆಂದ ಮಾಡಲು ಹೋದರೆ ಕಾಗದ ಬೇರೆಯವರ ಮನೆ ಸೇರುತ್ತದೆ ಎಂಬುದು ಅವರ ಸೇವಾನುಭವ.

ಸೇವೆ ಅಂಚೆ ಇಲಾಖೆಯದು. 1963ರಲ್ಲಿ ಕ್ಲರ್ಕ್ ಆಗಿ ಸೇರಿ 2002ರಲ್ಲಿ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು, ನೆಂಟರಿಷ್ಟರಿಗೆಲ್ಲ ಪೋಸ್ಟತ್ತೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗ ಕೌಂಟರಿನಲ್ಲಿ ಕೂತಿದ್ದವರು. ಆ ಆರಂಕಿಯ ಪದ್ಧತಿಯನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಆಗಿದ್ದರು ಎಂಬುದನ್ನು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಟೆಲಿಗ್ರಾಂ ನಿಂತಾಗ ಅತ್ತಿರಲಿಲ್ಲ. ಆದರೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನ ಮಾಡಿದ ಸುದ್ದಿ ಓದಿ ಅವತ್ತು ರಾತ್ರಿ ಊಟ ಬಿಟ್ಟರು. ಮರುದಿನ ಬೆಳಿಗ್ಗೆ ಇಡ್ಲಿಯ ಮುಂದೆ ಸಮಾಧಾನ ತಂದುಕೊಂಡು, "ಅಂಥಾ ರಿಜಿಸ್ಟರ್ಡ್ ಪೋಸ್ಟೇ ಇನ್ನೊಬ್ಬರ ಮನೆ ಸೇರಿಕೊಳ್ತು. ನಾನ್ಯಾವ ಲೆಕ್ಕ?" ಎಂದರು.

ಆಶ್ರಮ ಹುಡುಕುವ ಕೆಲಸ ಅಣ್ಣನ ಮಗನದಾಯಿತು. ಅವನಿಗೆ 58. ಬೋಳು ತಲೆ, ಎರಡೂ ಮಂಡಿಗೆ ಬೆಲ್ಟು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಹಿರಿತನಕ್ಕೆ ಬೇಕಾದ ವಯಸ್ಸು 60. ಅಂದರೆ ಸಹಾಯ ಮಾಡಲು ಹೊರಟವನೂ ಇನ್ನೆರಡು ವರ್ಷಕ್ಕೆ ಸಹಾಯಕ್ಕೆ ಅರ್ಹ. ಮೊದಲ ಆಶ್ರಮದ ಮ್ಯಾನೇಜರ್ ಇಬ್ಬರನ್ನೂ ನೋಡಿ, ಅವನ ಕೈಗೇ ಫಾರಂ ಕೊಟ್ಟು, "ಬಿಪಿ, ಶುಗರ್ ಏನಾದರೂ ಇದೆಯಾ ಸಾರ್?" ಎಂದು ವಿಚಾರಿಸಿದರು. ಅತ್ತೆ ತಿದ್ದಲಿಲ್ಲ. ಎರಡೂ ಇದ್ದದ್ದರಿಂದ ಅವನೂ ಸುಮ್ಮನಿದ್ದ.

ಮೂರು ಕಡೆ ನೋಡಿದರು. ಎಲ್ಲ ಕಡೆಯೂ ಬಣ್ಣದ ಪುಸ್ತಿಕೆಯಲ್ಲಿ ಯೋಗ, ಭಜನೆ, ಹೂದೋಟ, ನಗುವ ಅಜ್ಜ ಅಜ್ಜಿಯರು. ಅತ್ತೆ ಪುಸ್ತಿಕೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ನೇರ ಬಚ್ಚಲಿಗೆ ನಡೆದರು. ಹೊಸ್ತಿಲು ಎಷ್ಟು ಎತ್ತರ, ಗೋಡೆಯ ಹಿಡಿಕೆ ಅಲ್ಲಾಡುತ್ತದೆಯೇ, ಬಾಗಿಲು ಹೊರಗಿನಿಂದ ತೆಗೆಯಲು ಬರುತ್ತದೆಯೇ ಎಂದೆಲ್ಲ ನೋಡಿ, ಕೊನೆಗೆ ಸಹಾಯದ ಗಂಟೆ ಒತ್ತಿ, ಕೈಯಲ್ಲಿದ್ದ ಎಚ್‌ಎಂಟಿ ವಾಚು ನೋಡುತ್ತ ನಿಂತರು. ಮೊದಲನೇ ಕಡೆ ನಾಲ್ಕು ನಿಮಿಷವಾದರೂ ಯಾರೂ ಬರಲಿಲ್ಲ. ಎರಡನೇ ಕಡೆ ಗಂಟೆಗೆ ಕರೆಂಟೇ ಇರಲಿಲ್ಲ. ಮೂರನೆಯದರಲ್ಲಿ ಒಂದು ನಿಮಿಷ ಹತ್ತು ಸೆಕೆಂಡಿಗೆ, ಸೋಪಿನ ಕೈಯಲ್ಲೇ ಒಬ್ಬ ಹುಡುಗಿ ಓಡಿಬಂದು "ಏನಾಯ್ತಜ್ಜಿ?" ಎಂದಳು. ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಬೈದಳು. ಅತ್ತೆ ಅಲ್ಲೇ ಮುಂಗಡಕ್ಕೆ ಚೆಕ್ ಬರೆದರು. ಡೆಪಾಸಿಟ್ ಎಷ್ಟು ವಾಪಸು, ತಿಂಗಳ ಹಣದಲ್ಲಿ ಔಷಧ ಸೇರಿದೆಯೇ, ಹಾಸಿಗೆ ಹಿಡಿದರೆ ದರ ಎಷ್ಟು ಏರುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಆಮೇಲಿನದಾದರೂ ಒಂದನ್ನೂ ಬಿಡಲಿಲ್ಲವೆನ್ನಿ. ಪಿನ್‌ಕೋಡ್ ಕೇಳಿದ್ದಕ್ಕೆ ಮ್ಯಾನೇಜರ್ ತಡವರಿಸಿದ್ದೊಂದೇ ಅವರಿಗೆ ಬೇಸರ.

ಈ ನಡುವೆ ಬೀದಿಯಲ್ಲಿ ಸುದ್ದಿಯಾಯಿತು. ನಿರ್ಗತಿಕ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಜನರಿಗೆ ಸಾಲುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ತೆರೆಯಬಹುದೆಂದು 2007ರ ಅದೇ ಕಾಯ್ದೆ ಹೇಳುತ್ತದೆ. ಪಿಂಚಣಿಯೂ ಮಗನೂ ಇರುವವರು ಅಲ್ಲಿಗೇಕೆ ಹೋಗಬೇಕೆಂದು ಬೀದಿ ಕೇಳುತ್ತದೆ. "ಮಗ ಇದ್ದೂ ಹೀಗಾಯ್ತಲ್ಲ ನಿಮಗೆ" ಎಂದು ಎದುರುಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಯುದ್ಧ ಮುಗಿದು ಹದಿನೈದು ವರ್ಷ ಧೃತರಾಷ್ಟ್ರ ಹಸ್ತಿನಾವತಿಯಲ್ಲೇ ಇದ್ದ. ಭೀಮನ ಚುಚ್ಚುಮಾತು ಕೇಳಿ ಕೇಳಿ ಸಾಕಾಗಿ ಆಶ್ರಮಕ್ಕೆ ಹೊರಟ," ಎಂದು ಅತ್ತೆ ಕಾಫಿ ಲೋಟ ಮುಂದೆ ತಳ್ಳಿದರು. "ಕುಂತಿಗೇನಾಗಿತ್ತು? ಗೆದ್ದ ಮಕ್ಕಳು, ಹಿರಿಯವನು ಚಕ್ರವರ್ತಿ. ಅವಳೂ ಹೋದಳು." ಗಾಂಧಾರಿಯ ಕೈ ಕುಂತಿಯ ಹೆಗಲ ಮೇಲೆ, ಧೃತರಾಷ್ಟ್ರನ ಕೈ ಗಾಂಧಾರಿಯ ಹೆಗಲ ಮೇಲೆ. ಹೀಗೆ ನಡೆದ ಆ ಮೆರವಣಿಗೆಯಲ್ಲಿ ಅಸಿಸ್ಟೆಡ್ ಲಿವಿಂಗಿಗೆ ಬೇಕಾದದ್ದೆಲ್ಲ ಇತ್ತು. ಆದರೆ ಅವರು ಮೂವರೂ ಕೊನೆಗೆ ಕಾಡ್ಗಿಚ್ಚಿಗೆ ಸಿಕ್ಕಿದ್ದು ಅಣ್ಣನ ಮಗನಿಗೆ ರಾತ್ರಿ ನೆನಪಾಯಿತು. ಮರುದಿನವೇ ಹೋಗಿ, ಆಶ್ರಮದ ಬೆಂಕಿ ಆರಿಸುವ ಸಿಲಿಂಡರುಗಳ ಮೇಲಿನ ತಾರೀಖು ಓದಿಕೊಂಡು ಬಂದ.

ನಿಜವಾದ ಕಷ್ಟವೆಂದರೆ ಸಾಮಾನು. ಮೂರು ಕೋಣೆಯ ಮನೆ ಒಂದು ಮಂಚ, ಒಂದು ಕಪಾಟಿನೊಳಗೆ ಇಳಿಯಬೇಕು. ಅತ್ತೆ ಹಜಾರದಲ್ಲಿ ಹಳೇ ಪೇಪರ್ ಹಾಸಿ, ಅಂಚೆ ವಿಂಗಡಿಸುವಂತೆ ರಾಶಿ ಮಾಡತೊಡಗಿದರು. 'ಡೆಲಿವರಿ' ಎಂದರೆ ಆಶ್ರಮಕ್ಕೆ. 'ರೀಡೈರೆಕ್ಟ್' ಎಂದರೆ ನೆಂಟರಿಗೆ. 'ಡೆಡ್ ಲೆಟರ್' ಎಂದರೆ ಹಳೇ ಸಾಮಾನಿನವನಿಗೆ. ನೆಂಟರಿಗೆಂದು ಇಟ್ಟ ಒರಳುಕಲ್ಲು ನಾಲ್ಕು ಮನೆಯಿಂದ 'ರೆಫ್ಯೂಸ್ಡ್' ಆಗಿ ಬಂತು. ಹಿತ್ತಾಳೆ ಹಂಡೆಗೆ ಮಾತ್ರ ಪೈಪೋಟಿ ನಡೆಯಿತು. ಪಡೆದವರು ಅದರಲ್ಲಿ ಮನಿಪ್ಲಾಂಟ್ ನೆಟ್ಟಿದ್ದಾರೆ.

ಬೀರುವಿನ ಕೆಳಗಿನ ಅರೆಯಿಂದ ಹೊರಬಿದ್ದದ್ದು ತಾಂಬೂಲದ ಚೀಲಗಳು. ಒಂದರೊಳಗೊಂದು ತುರುಕಿದ್ದನ್ನು ಬಿಡಿಸುತ್ತ ಹೋದರೆ ಇನ್ನೂರು ದಾಟಿತು. ಹಳದಿ, ಕೆಂಪು, ಜರಿಯಂಚಿನವು, ಗಣೇಶನಿರುವವು, ಮೇಲೆ ವಧೂವರರ ಹೆಸರು, ತಾರೀಖು, ಛತ್ರದ ವಿಳಾಸ. "ಇದನ್ನ ಎಸೀಬಹುದಾ ಅತ್ತೆ?" ಎಂದು ಅಣ್ಣನ ಮಗ ಒಂದನ್ನು ಎತ್ತಿ ಹಿಡಿದ. ಅತ್ತೆ ಕನ್ನಡಕ ಏರಿಸಿ ಓದಿದರು. ಅವನದೇ ಮದುವೆಯ ಚೀಲ. ಒಳಗೆ ಕೈ ಹಾಕಿದರೆ ಒಣಗಿ ಕಲ್ಲಾದ ಬಟ್ಟಲಡಿಕೆ, ಜತೆಗೊಂದು ಬ್ಲೌಸ್ ಪೀಸು. ಆ ಬ್ಲೌಸ್ ಪೀಸು ಅವನ ಹೆಂಡತಿ ಹೋದ ವರ್ಷದ ವರಮಹಾಲಕ್ಷ್ಮಿಗೆ ಅತ್ತೆಗೇ ಕೊಟ್ಟದ್ದು, ಅವಳಿಗೆ ಅದು ಯಾರಿಂದ ಬಂದಿತ್ತೋ. "ಇದಕ್ಕೆ ಸರಿಯಾದ ವಿಳಾಸ ಇನ್ನೂ ಸಿಕ್ಕಿಲ್ಲ, ತಿರುಗ್ತಾ ಇದೆ ಪಾಪ," ಎಂದು ಅತ್ತೆ ಅದನ್ನು ಮತ್ತೆ ಅವನ ಕೈಗೇ ಇಟ್ಟರು. ಒರಳುಕಲ್ಲೂ ಕೊನೆಗೆ ಅವನ ಕಾರಿನಲ್ಲೇ ಬೆಂಗಳೂರಿಗೆ ಹೋಯಿತು.

ಮನುಷ್ಯರನ್ನು ಸಾಗಿಸುವುದು ಒಂದು ದಿನದ ಕೆಲಸ. ವಿಳಾಸ ಸಾಗಿಸುವುದಕ್ಕೆ ತಿಂಗಳುಗಳು ಬೇಕು. ಬ್ಯಾಂಕು, ಆಧಾರ್, ಗ್ಯಾಸು, ಮತದಾರರ ಪಟ್ಟಿ ಎಲ್ಲಕ್ಕೂ ಪುರಾವೆ ಬೇಕು, ಒಂದರ ಪುರಾವೆ ಇನ್ನೊಂದು. ಅಷ್ಟರಲ್ಲಿ ಅಕ್ಟೋಬರ್ ಬಂತು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ನವೆಂಬರ್‌ಗೆ ಕಾಯದೆ ಅಕ್ಟೋಬರ್ 1ರಿಂದಲೇ ಜೀವಂತವಿರುವ ಪ್ರಮಾಣಪತ್ರ ಕೊಡಬಹುದು. ಕಾಗದ ವಿಂಗಡಿಸಿ ವಿಂಗಡಿಸಿ ಅತ್ತೆಯ ಬೆರಳಚ್ಚು ಸವೆದುಹೋಗಿದೆ, ಯಂತ್ರಕ್ಕೆ ಸಿಗುವುದಿಲ್ಲ. ಮುಖ ನೋಡಿ ಒಪ್ಪುವ ವ್ಯವಸ್ಥೆ 2021ರಿಂದ ಇದೆ. ಅಣ್ಣನ ಮಗ ಆಶ್ರಮಕ್ಕೆ ಬಂದು ಫೋನ್ ಎತ್ತಿ ಹಿಡಿದ. ಅತ್ತೆ ಅದನ್ನು ತಡವಾಗಿ ಬಂದ ಪೋಸ್ಟ್‌ಮ್ಯಾನನ್ನು ನೋಡುವಂತೆ ದುರುಗುಟ್ಟಿ ನೋಡಿದರು.

"ಕಣ್ಣು ಮಿಟುಕಿಸಬೇಕಂತೆ ಅತ್ತೆ."

"ಯಾರಿಗೋ?"

ಪಕ್ಕದ ಕೋಣೆಯ ನಿವೃತ್ತ ರೈಲ್ವೆ ಗಾರ್ಡು ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ಅವರ ಕೈಯಲ್ಲೂ ಆಧಾರ್ ಕಾರ್ಡಿತ್ತು. ಅವರ ಹಿಂದೆ ಇನ್ನಿಬ್ಬರು, ಒಬ್ಬರು ವಾಕರಿನಲ್ಲಿ. ಅತ್ತೆ ಒಮ್ಮೆ ಮಿಟುಕಿಸಿ, ತಾವು ಬದುಕಿರುವುದು ಖಚಿತವಾದ ಮೇಲೆ, ಟೀಪಾಯಿಯನ್ನು ಬಾಗಿಲಿಗೆ ಅಡ್ಡ ಎಳೆಸಿ, ಅದರ ಹಿಂದೆ ಅಣ್ಣನ ಮಗನನ್ನು ಕೂರಿಸಿದರು. "ಒಬ್ಬೊಬ್ಬರೇ ಬನ್ನಿ. ಪಿಂಚಣಿಯ ಪಿಪಿಒ ನಂಬರ್ ಕೈಯಲ್ಲಿರಲಿ. ಊಟದ ಗಂಟೆ ಹೊಡೆದರೆ ಕೌಂಟರ್ ಕ್ಲೋಸ್."