ಆಂಟೆನಾ ಪುರಾಣ

ಏಳು ಸುತ್ತಿನ ಕೋಟೆ ಕಟ್ಟಿ ಶತ್ರುಸೈನ್ಯವನ್ನು ತಡೆದ ಚಿತ್ರದುರ್ಗದ ನಾಯಕರು, ಅದೇ ಬಂಡೆಗುಡ್ಡಗಳು ಮುಂದೊಂದು ಕಾಲಕ್ಕೆ ದೂರದರ್ಶನದ ತರಂಗಗಳಿಗೂ ದಾರಿ ಬಿಡಲಾರವೆಂದು ಊಹಿಸಿರಲಾರರು. ಸರಳರೇಖೆಯಲ್ಲಿ ಚಲಿಸುವುದೇ ಆ ತರಂಗಗಳ ಧರ್ಮವಾದುದರಿಂದ, 1987ರಲ್ಲಿ ರಾಮಾಯಣ ಧಾರಾವಾಹಿಯು ಆರಂಭವಾದಂದಿನಿಂದ ಈ ಸೀಮೆಯ ಮಾಳಿಗೆಗಳ ಮೇಲೆ ಒಬ್ಬನು ಆಂಟೆನಾ ತಿರುಗಿಸುತ್ತ “ಬಂತೇನೋ?” ಎಂದು ಕೂಗುವುದೂ, “ಬಂದಿತ್ತು, ಹೋಯ್ತು ಕಣಣ್ಣಾ!” ಎಂಬ ಉತ್ತರವು ಕೆಳಗಿನಿಂದ ಏಳುವುದೂ ರವಿವಾರದ ನಿತ್ಯವಿಧಿಯಾಯಿತು.

2021ರ ಹೊತ್ತಿಗೆ ದೂರದರ್ಶನವು ಹಳೆಯ ಭೂಪ್ರಸಾರದ ಯಂತ್ರಗಳನ್ನು ಬಹುಪಾಲು ನಿಲ್ಲಿಸಲಾಗಿ, ಆಂಟೆನಾಗಳು ಕಾಗೆಗಳಿಗೆ ಆಸನವಾದುವು. ಸುಮಾರು 36,000 ಕಿಲೋಮೀಟರ್ ಎತ್ತರದ ಜಿಸ್ಯಾಟ್-15 ಉಪಗ್ರಹದಿಂದ ದೂರದರ್ಶನದ ಫ್ರೀ ಡಿಶ್ ಸೇವೆ ಮನೆಮನೆಗೆ ಇಳಿಯಿತು. ಆದರೇನು? ಆವರ್ತನವೊಂದು ಬದಲಾದರೆ ಸಾಕು, ಹೊಳಲ್ಕೆರೆಯ ಅಜ್ಜಿಯ ಚಂದನ ವಾಹಿನಿ ಅಂತರ್ಧಾನವಾಗುತ್ತದೆ. ಹೊಸದುರ್ಗದಿಂದ ಬಂದ ಮೊಮ್ಮಗನು ಪುರೋಹಿತನ ಗಾಂಭೀರ್ಯದಿಂದ ರಿಮೋಟ್ ಹಿಡಿದು ಮರಳಿ ಟ್ಯೂನ್ ಮಾಡುವವರೆಗೆ ಮನೆಯಲ್ಲಿ ಕಾಫಿಯೂ ಇಲ್ಲ, ಶಾಂತಿಯೂ ಇಲ್ಲ.

ಜೋರುಮಳೆ ಬಿದ್ದಾಗ ಮಾತ್ರ ಉಪಗ್ರಹದ ತರಂಗವೂ ಕ್ಷೀಣಿಸುವುದುಂಟು. ಮಳೆಯೇ ದುರ್ಲಭವಾದ ಹಿರಿಯೂರಿನಲ್ಲಿ ಚಿತ್ರವು ಬಹುತೇಕ ನಿರ್ಮಲ; ಎಂದಾದರೊಮ್ಮೆ ಪರದೆ ಕಪ್ಪಾದರೆ ರೈತನು ಪೆಟ್ಟಿಗೆಯನ್ನು ಬಯ್ಯದೆ, “ನಾಳೆಯವರೆಗೂ ಚಿತ್ರ ಬಾರದಿರಲಿ, ಸ್ವಾಮಿ!” ಎಂದು ತೇರುಮಲ್ಲೇಶ್ವರನಿಗೆ ಕೈಮುಗಿಯುತ್ತಾನೆ.